ಸೀಟು ಸಿಕ್ಕಿತು, ಪಾಠ?

ಹಿರಿಯೂರಿನ ಕಡೆಗೆ ಪ್ರವಾಸ ಹೋದವರು ಮಾರಿಕಣಿವೆಯನ್ನು ನೋಡದೆ ಹಿಂದಿರುಗುವುದು ಅಪರೂಪ. ವೇದಾವತಿಗೆ ಅಡ್ಡಲಾಗಿ ಕಟ್ಟಿ 1907ರಲ್ಲಿ ಮುಗಿಸಿದ ಆ ಅಣೆಕಟ್ಟೆ 1933ರ ತರುವಾಯ ಮತ್ತೆ ತುಂಬಿ ಕೋಡಿ ಹರಿದದ್ದು 2022ರಲ್ಲಿ. ಆ ದಿನಗಳಲ್ಲಿ ನೀರು ನೋಡಲೆಂದೇ ಜನ ಜಾತ್ರೆಯಂತೆ ನೆರೆದರು. ನೋಡಲು ಬಂದವರ ಕಣ್ಣು ಅಣೆಕಟ್ಟೆಯ ಮೇಲೆ. ಕೆಳಗಿನ ತೋಟದ ಯಜಮಾನನ ಕಣ್ಣು ಮಾತ್ರ ಕಾಲುವೆಯ ಮೇಲೆ. ಜಲಾಶಯದಲ್ಲಿ ಎಷ್ಟು ನೀರು ನಿಂತರೇನು? ತೂಬು ತೆರೆದು, ಕಾಲುವೆಯಲ್ಲಿ ಹರಿದು, ತೆಂಗಿನ ಬುಡವನ್ನು ಮುಟ್ಟಿದ ನೀರಷ್ಟೇ ಅವನ ಪಾಲಿಗೆ ನೀರು.

ಕಾಲೇಜುಗಳಲ್ಲಿ ಅಂಗವಿಕಲ ವಿದ್ಯಾರ್ಥಿಗಳ ವಿಷಯವೂ ಬಹುಮಟ್ಟಿಗೆ ಹೀಗೆಯೇ ಇದೆ. ಅಣೆಕಟ್ಟೆ ಕಟ್ಟಿದ್ದಾಗಿದೆ. 2016ರಲ್ಲಿ ಸಂಸತ್ತು ಅಂಗೀಕರಿಸಿ, 2017ರ ಏಪ್ರಿಲ್ 19ರಂದು ಜಾರಿಗೆ ಬಂದ ಅಂಗವಿಕಲರ ಹಕ್ಕುಗಳ ಕಾಯಿದೆಯು ಸರ್ಕಾರಿ ಹಾಗೂ ಸರ್ಕಾರದ ನೆರವು ಪಡೆಯುವ ಉಚ್ಚ ಶಿಕ್ಷಣ ಸಂಸ್ಥೆಗಳಲ್ಲಿ ನೂರಕ್ಕೆ 5ಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನಗಳನ್ನು ಇವರಿಗಾಗಿ ಕಾದಿರಿಸಿದೆ. ನೂರಕ್ಕೆ 40ರಷ್ಟಾದರೂ ವೈಕಲ್ಯವಿರುವವರಿಗೆ ಈ ಮೀಸಲಾತಿ ಸಲ್ಲುತ್ತದೆ. 1995ರ ಹಳೆಯ ಕಾಯಿದೆಯಲ್ಲಿ ಇದ್ದದ್ದು ನೂರಕ್ಕೆ 3 ಮಾತ್ರ. ಹಳೆಯ ಕಾಯಿದೆ 7 ಬಗೆಯ ವೈಕಲ್ಯಗಳನ್ನು ಎಣಿಸಿದ್ದರೆ ಹೊಸದು 21 ಬಗೆಗಳನ್ನು ಎಣಿಸುತ್ತದೆ. ವಯೋಮಿತಿಯಲ್ಲಿಯೂ 5 ವರ್ಷಗಳ ಸಡಿಲಿಕೆ ಉಂಟು. ಇದೆಲ್ಲವೂ ಸಂತೋಷಪಡತಕ್ಕದ್ದೇ. ಆದರೆ ಸೀಟು ದೊರೆತ ಮಾತ್ರಕ್ಕೆ ವಿದ್ಯೆ ದೊರೆತಂತಾಗುತ್ತದೆಯೆ? ಕಾಲುವೆಯ ಪ್ರಶ್ನೆ ಏಳುವುದು ಇಲ್ಲಿಯೇ.

ಹೊಳಲ್ಕೆರೆಯ ಒಂದು ಮನೆಯನ್ನು ವಾಚಕರು ಊಹಿಸಿಕೊಳ್ಳಬಹುದು. ತಂದೆ ಕಚೇರಿಯೊಂದರಲ್ಲಿ ಗುಮಾಸ್ತರು. ಮಗಳಿಗೆ ಹುಟ್ಟಿನಿಂದಲೂ ದೃಷ್ಟಿ ಮಂದ. ಪುಸ್ತಕವನ್ನು ಗೇಣಿನಷ್ಟು ಹತ್ತಿರ ಹಿಡಿದರೆ ದಪ್ಪಕ್ಷರ ಕಾಣುತ್ತದೆ. ಕಪ್ಪು ಹಲಗೆಯೆಂಬುದು ಅವಳ ಪಾಲಿಗೆ ದೂರದಲ್ಲೊಂದು ಕಪ್ಪು ಗೋಡೆ. ಹಾಗಿದ್ದೂ ಅಣ್ಣ ಓದಿ ಹೇಳಿದ್ದನ್ನು ಕೇಳಿ, ಲಿಪಿಕಾರರ ಸಹಾಯದಿಂದ ಪರೀಕ್ಷೆ ಬರೆದು ಪಿ.ಯು.ಸಿ.ಯನ್ನು ಪ್ರಥಮ ದರ್ಜೆಯಲ್ಲಿ ಮುಗಿಸಿದ್ದಾಳೆ. ಪದವಿ ತರಗತಿಗೆ ಸೇರಬೇಕೆಂದು ತಂದೆ-ಮಗಳು ಚಿತ್ರದುರ್ಗದ ಕಾಲೇಜೊಂದಕ್ಕೆ ಬಂದಿದ್ದಾರೆ.

“ಸೀಟಿಗೇನೂ ತೊಂದರೆ ಇಲ್ಲ, ಸ್ವಾಮಿ. ಕಾಯಿದೆಯೇ ಇದೆಯಲ್ಲ,” ಎನ್ನುತ್ತಾರೆ ಪ್ರಾಂಶುಪಾಲರು. “ಆದರೆ ತರಗತಿಯಲ್ಲಿ ಪಾಠವನ್ನು ಹೇಗೆ ಹಿಂಬಾಲಿಸುತ್ತಾಳೆ? ಅದನ್ನು ಯೋಚಿಸಿದ್ದೀರಾ?”

ತಂದೆಯ ಬಳಿ ಉತ್ತರವಿಲ್ಲ. ಹಿಂದಿರುಗುವ ಬಸ್ಸಿನಲ್ಲಿ ಅವರು ಮೆಲ್ಲನೆ ಹೇಳುತ್ತಾರೆ: “ಮುಕ್ತ ವಿಶ್ವವಿದ್ಯಾನಿಲಯಕ್ಕೆ ಕಟ್ಟಿದರೆ ಹೇಗಮ್ಮ? ಮನೆಯಲ್ಲೇ ಕೂತು ಓದಬಹುದು.”

“ಇಲ್ಲೀತನಕ ಮನೆಯಲ್ಲೇ ಕೂತು ಓದಿದೆನೇನಪ್ಪಾ?” ಎನ್ನುತ್ತಾಳೆ ಮಗಳು.

ಇಲ್ಲಿ ಯಾರೂ ಕೆಟ್ಟವರಲ್ಲ. ಪ್ರಾಂಶುಪಾಲರ ಮಾತಿನಲ್ಲಿ ಕಾಳಜಿಯೇ ಇದೆ. ತಂದೆಯ ಮಾತಿನಲ್ಲಿ ಪ್ರೀತಿಯೇ ಇದೆ. ಆದರೆ ಆ ಎರಡೂ ಒಳ್ಳೆಯ ಮಾತುಗಳ ನಡುವೆ ಒಂದು ಹೆಣ್ಣುಮಗಳ ಕಾಲೇಜು ಜೀವನ ಕೈಜಾರಿ ಹೋಗುವುದರಲ್ಲಿದೆ. ಪ್ರಶ್ನೆಯೇನೋ ಸರಿಯಾದದ್ದೇ, ಅದನ್ನು ಕೇಳಿದ್ದು ಮಾತ್ರ ತಪ್ಪಾದವರನ್ನು. ಪಾಠವನ್ನು ಹೇಗೆ ಮುಟ್ಟಿಸಬೇಕೆಂಬುದು ಕಾಲೇಜು ತನ್ನನ್ನು ತಾನೇ ಕೇಳಿಕೊಳ್ಳಬೇಕಾದ ಪ್ರಶ್ನೆ. ಕಾಯಿದೆಯೂ ಅದನ್ನೇ ಹೇಳುತ್ತದೆ. ಅನುಚಿತವಾದ ಹೊರೆಯಾಗದಂತೆ, ಆಯಾ ವ್ಯಕ್ತಿಯ ಅಗತ್ಯಕ್ಕೆ ತಕ್ಕ ಮಾರ್ಪಾಡುಗಳನ್ನು ಮಾಡಿಕೊಡುವುದಕ್ಕೆ ಅದು ‘ಸಮಂಜಸ ಅನುಕೂಲ’ ಎಂಬ ಅರ್ಥದ ಹೆಸರನ್ನು ಕೊಟ್ಟು, ಅದನ್ನು ಶಿಕ್ಷಣ ಸಂಸ್ಥೆಗಳ ಕರ್ತವ್ಯವೆಂದು ವಿಧಿಸಿದೆ. ಆದರೇನು? ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ!

ಪೂಜಾರಿ ಕೊಡದಿರುವುದು ಅನೇಕ ವೇಳೆ ಮನಸ್ಸಿಲ್ಲದೆ ಅಲ್ಲ; ಕೊಡಬೇಕಾದ್ದು ಏನೆಂದು ತಿಳಿಯದೆ. ‘ಅನುಕೂಲ’ ಎಂದೊಡನೆ ಲಕ್ಷಗಟ್ಟಲೆ ಹಣದ ಯಂತ್ರಗಳು ಕಣ್ಣಮುಂದೆ ಬರುತ್ತವೆ. ನಿಜವಾಗಿ ನೋಡಿದರೆ ತರಗತಿಯೊಳಗಿನ ಅನುಕೂಲಗಳಲ್ಲಿ ಹೆಚ್ಚಿನವಕ್ಕೆ ಕಾಸಿನ ಖರ್ಚೂ ಇಲ್ಲ. ಹಲಗೆಯ ಮೇಲೆ ಬರೆಯುವುದನ್ನು ಅಧ್ಯಾಪಕರು ಬಾಯಲ್ಲಿಯೂ ಹೇಳಿದರೆ ಸಾಕು. “ಇದನ್ನು ಅದರಿಂದ ಭಾಗಿಸಿ, ಇಲ್ಲಿ ಬರೆಯಿರಿ” ಎಂಬ ವಾಕ್ಯದಲ್ಲಿ ದೃಷ್ಟಿ ಮಂದವಾದವರಿಗೆ ಸಿಗುವುದು ಏನೂ ಇಲ್ಲ. “ಒಟ್ಟು ಆದಾಯವನ್ನು ಜನಸಂಖ್ಯೆಯಿಂದ ಭಾಗಿಸಿ” ಎಂದರೆ ಎಲ್ಲವೂ ಸಿಕ್ಕಿತು. ಮೊದಲ ಬೆಂಚಿನಲ್ಲಿ, ಕಿಟಕಿಯ ಬೆಳಕು ಕಣ್ಣಿಗೆ ಹೊಡೆಯದ ಕಡೆ ಒಂದು ಖಾಯಂ ಜಾಗ. ಟಿಪ್ಪಣಿಯನ್ನು ಹಿಂದಿನ ದಿನವೇ ಕೊಡುವ ಅಭ್ಯಾಸ. ಪಾಠವನ್ನು ಮೊಬೈಲ್ ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳಲು ಅನುಮತಿ. ಕಿರುಪರೀಕ್ಷೆಯ ಪ್ರಶ್ನೆಪತ್ರಿಕೆಯ ಒಂದು ಪ್ರತಿ ದಪ್ಪ ಅಕ್ಷರದಲ್ಲಿ. ಹೊಳಲ್ಕೆರೆಯ ಆ ಹುಡುಗಿಗೆ ಬೇಕಾದ ಅನುಕೂಲಗಳಲ್ಲಿ ಮುಕ್ಕಾಲು ಪಾಲು ಇಲ್ಲಿಗೆ ಮುಗಿಯಿತು.

ಉಳಿದ ಕಾಲು ಪಾಲು ಕನ್ನಡಕ್ಕೇ ವಿಶಿಷ್ಟವಾದ ಒಂದು ತೊಡಕು. ಗಣಕಯಂತ್ರದ ತೆರೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಗಳು ಇಂದು ಸುಲಭವಾಗಿ ದೊರೆಯುತ್ತವೆ. 2006ರಲ್ಲಿ ಆಸ್ಟ್ರೇಲಿಯದಲ್ಲಿ ಆರಂಭವಾದ ಎನ್‌ವಿಡಿಎ ಎಂಬುದಂತೂ ಸಂಪೂರ್ಣ ಉಚಿತ. ಅದು ಕನ್ನಡವನ್ನೂ ಓದುತ್ತದೆ. ಆದರೆ ಓದಬೇಕಾದ ಅಕ್ಷರ ಯೂನಿಕೋಡ್ ಪದ್ಧತಿಯಲ್ಲಿರಬೇಕು. ನುಡಿ, ಬರಹ ಮೊದಲಾದವುಗಳ ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚಾದ ಟಿಪ್ಪಣಿ ಕಣ್ಣಿಗೆ ಮುದ್ದಾದ ಕನ್ನಡದಂತೆ ಕಂಡರೂ, ಯಂತ್ರದ ಪಾಲಿಗೆ ಅದು ರೋಮನ್ ಅಕ್ಷರಗಳ ಅರ್ಥವಿಲ್ಲದ ರಾಶಿ. ಪುಸ್ತಕದ ಪುಟದ ಫೋಟೋ ತೆಗೆದು ತರಗತಿಯ ವಾಟ್ಸಾಪ್ ಗುಂಪಿಗೆ ಹಾಕಿದರೂ ಪಾಡು ಹೆಚ್ಚುಕಡಿಮೆ ಇದೇ. ಚಿತ್ರದಿಂದ ಅಕ್ಷರವನ್ನು ಬಿಡಿಸಿಕೊಳ್ಳುವ ಉಪಾಯಗಳಿದ್ದರೂ ಓರೆಯಾಗಿ ತೆಗೆದ, ನೆರಳು ಬಿದ್ದ ಪುಟವನ್ನು ಅವು ತಪ್ಪುತಪ್ಪಾಗಿ ಓದುತ್ತವೆ. ಟಿಪ್ಪಣಿಯನ್ನು ಯೂನಿಕೋಡಿನಲ್ಲಿ ಬೆರಳಚ್ಚು ಮಾಡುವುದಕ್ಕೆ ಹೆಚ್ಚಿನ ಶ್ರಮವಿಲ್ಲ; ಹಳೆಯದನ್ನು ಪರಿವರ್ತಿಸುವ ಸಾಧನಗಳೂ ಉಂಟು. ಒಬ್ಬ ಅಧ್ಯಾಪಕರು ಈ ಒಂದು ಅಭ್ಯಾಸವನ್ನು ಬದಲಿಸಿಕೊಂಡರೆ, ಕಣ್ಣು ಕಾಣದ ವಿದ್ಯಾರ್ಥಿ ಮತ್ತೊಬ್ಬರ ಬಿಡುವಿಗಾಗಿ ಕಾಯದೆ ರಾತ್ರಿ ಹನ್ನೊಂದು ಗಂಟೆಗೂ ತಾನೇ ಓದಿಕೊಳ್ಳಬಹುದು.

ಪುಸ್ತಕಗಳ ವಿಷಯದಲ್ಲಿಯೂ ಹಾದಿ ತೆರೆದಿದೆ. 2012ರಲ್ಲಿ ತಿದ್ದುಪಡಿಯಾದ ಕೃತಿಸ್ವಾಮ್ಯದ ಕಾಯಿದೆಯ ಪ್ರಕಾರ, ಅಂಗವಿಕಲರ ಉಪಯೋಗಕ್ಕಾಗಿ ಲಾಭದ ಉದ್ದೇಶವಿಲ್ಲದೆ ಪುಸ್ತಕವನ್ನು ಬ್ರೈಲ್, ಧ್ವನಿ ಮುಂತಾದ ರೂಪಕ್ಕೆ ತರುವುದು ಅಪರಾಧವಲ್ಲ. ಇದೇ ಉದ್ದೇಶದ ಮರಾಕೆಶ್ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲಿ ಎಲ್ಲರಿಗಿಂತ ಮೊದಲು ಸ್ಥಿರೀಕರಿಸಿದ ದೇಶ ಭಾರತವೇ. ಬೆಂಗಳೂರಿನ ಮಿತ್ರಜ್ಯೋತಿ ಸಂಸ್ಥೆ 1990ರಲ್ಲಿ ಆರಂಭವಾದದ್ದು. ದೃಷ್ಟಿಹೀನರಿಗಾಗಿ ಧ್ವನಿ ಪುಸ್ತಕಗಳನ್ನು ಸಿದ್ಧಗೊಳಿಸುವುದು ಅದರ ಕೆಲಸಗಳಲ್ಲಿ ಒಂದು. ಹೊಸದುರ್ಗದಲ್ಲಾಗಲಿ ಹಿರಿಯೂರಿನಲ್ಲಾಗಲಿ ನಿವೃತ್ತ ಉಪಾಧ್ಯಾಯರೊಬ್ಬರು ದಿನಕ್ಕೆ ಅರ್ಧ ಗಂಟೆ ಪಠ್ಯವನ್ನು ಸ್ಪಷ್ಟವಾಗಿ ಓದಿ ಫೋನಿನಲ್ಲಿ ಮುದ್ರಿಸಿಕೊಟ್ಟರೆ, ಅದು ಅನ್ನದಾನಕ್ಕೆ ಕಡಿಮೆಯಾದ ದಾನವಲ್ಲ.

ಕಿವಿ ಕೇಳದವರ ಅಗತ್ಯ ಬೇರೆ. ಹಲಗೆಯ ಕಡೆಗೆ ಮುಖ ಮಾಡಿ ಪಾಠ ಹೇಳುವ ಅಧ್ಯಾಪಕರ ತುಟಿಯ ಚಲನೆ ಅವರಿಗೆ ಕಾಣದು. ಬರೆದು ಮುಗಿಸಿ, ತರಗತಿಯ ಕಡೆ ತಿರುಗಿ, ಆಮೇಲೆ ಮಾತನಾಡುವುದು. ಹಿಂದಿನ ಬೆಂಚಿನವರು ಕೇಳಿದ ಪ್ರಶ್ನೆಯನ್ನು ತಾವೊಮ್ಮೆ ಪುನಃ ಹೇಳಿ ಉತ್ತರಿಸುವುದು. ಸಹಪಾಠಿಯ ಟಿಪ್ಪಣಿ ಪುಸ್ತಕದ ಪ್ರತಿ ದೊರೆಯುವಂತೆ ಮಾಡುವುದು: ಇವೆಲ್ಲ ಸಣ್ಣ ಸಂಗತಿಗಳು. ಆಡಿದ ಮಾತನ್ನು ಅಕ್ಷರವಾಗಿ ತೋರಿಸುವ ಸೌಲಭ್ಯ ಮೊಬೈಲ್ ಫೋನುಗಳಲ್ಲಿ ಕನ್ನಡಕ್ಕೂ ಬಂದಿದೆ. ತಪ್ಪುಗಳಿದ್ದರೂ ಏನೂ ಇಲ್ಲದ್ದಕ್ಕಿಂತ ಮೇಲು. ಸಂಜ್ಞಾಭಾಷೆಯಲ್ಲಿ ಕಲಿತುಬಂದ ವಿದ್ಯಾರ್ಥಿಗೆ ಮಾತ್ರ ದುಭಾಷಿಯ ಸ್ಥಾನವನ್ನು ಯಾವ ಫೋನೂ ತುಂಬಲಾರದು. ಅಲ್ಲಿ ಕಾಲೇಜು ಒಂಟಿಯಾಗಿ ಏನನ್ನೂ ಮಾಡಲಾಗದು. ವಿಶ್ವವಿದ್ಯಾನಿಲಯವೂ ಸರ್ಕಾರವೂ ಕೈಗೂಡಿಸಬೇಕು.

ಕಾಲಿನ ತೊಂದರೆ ಇರುವವರ ವಿಷಯಕ್ಕೆ ಬಂದರೆ ದುರ್ಗದ ಕೋಟೆಯ ನೆನಪಾಗುತ್ತದೆ. ಏಳು ಸುತ್ತಿನ ಆ ಕೋಟೆಯನ್ನು ಕಟ್ಟಿದವರು ಬಾಗಿಲುಗಳನ್ನು ನೇರವಾಗಿ ಇಡದೆ ತಿರುವು ತಿರುವಾಗಿ ಇಟ್ಟರು; ಬಂಡೆಯನ್ನೇ ಅಡ್ಡಗೋಡೆ ಮಾಡಿದರು. ಹೊರಗಿನವನು ಸುಲಭವಾಗಿ ಒಳಬರಬಾರದೆಂಬುದೇ ಅವರ ಉದ್ದೇಶ. ಕೋಟೆಗೆ ಅದು ಭೂಷಣ, ಕಾಲೇಜಿಗೆ ಅಲ್ಲ. ಬಾಗಿಲಲ್ಲಿ ಆರಂಗುಲದ ಮೂರು ಮೆಟ್ಟಿಲುಗಳಿದ್ದರೆ ಗಾಲಿಕುರ್ಚಿಯ ಪಾಲಿಗೆ ಅದೊಂದು ಕೋಟೆಯೇ. ಅದನ್ನು ಗೆಲ್ಲುವ ಲೆಕ್ಕ ಸರಳ: ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದದ ಇಳಿಜಾರು. ಮೂರು ಮೆಟ್ಟಿಲಿನ ಒಂದೂವರೆ ಅಡಿಗೆ 18 ಅಡಿ. ಜಾಗ ಉಳಿಸಲೆಂದು ಆರೇಳು ಅಡಿಯಲ್ಲಿ ಮುಗಿಸಿದ ಇಳಿಜಾರು ಪರಿಶೀಲನೆಗೆ ಬಂದವರಿಗೆ ತೋರಿಸಲಷ್ಟೇ ಯೋಗ್ಯ. ಅದರ ಮೇಲೆ ಗಾಲಿಕುರ್ಚಿ ಹತ್ತದು, ಹತ್ತಿದರೂ ಇಳಿಯುವಾಗ ಅಪಾಯ.

ಮಹಡಿಗೆ ಲಿಫ್ಟ್ ಹಾಕಿಸಲು ಹಣ ಬೇಕು, ನಿಜ. ಆದರೆ ತರಗತಿಯನ್ನೇ ಕೆಳಗಿನ ಕೊಠಡಿಗೆ ಇಳಿಸುವುದಕ್ಕೆ ಬೇಕಾದ್ದು ವೇಳಾಪಟ್ಟಿಯಲ್ಲೊಂದು ತಿದ್ದುಪಡಿ. ಇದನ್ನು ಮಾಡದೆ ಹೋದರೆ ಆಗುವುದೇನು? ಭೂಗೋಳದಲ್ಲಿ ಆಸಕ್ತಿಯಿರುವ ಹುಡುಗ, ಅದರ ತರಗತಿ ಮಹಡಿಯ ಮೇಲಿದೆಯೆಂಬ ಕಾರಣಕ್ಕೆ ಕೆಳಗೆ ನಡೆಯುವ ಮತ್ತಾವುದೋ ವಿಷಯವನ್ನು ಆರಿಸಿಕೊಳ್ಳುತ್ತಾನೆ. ಅವನ ಜೀವನದ ದಾರಿಯನ್ನು ನಿರ್ಧರಿಸಿದ್ದು ಅವನ ಬುದ್ಧಿಯಲ್ಲ, ಮೆಟ್ಟಿಲು! ಇನ್ನು ನೀರು ಕುಡಿದರೆ ಶೌಚಾಲಯಕ್ಕೆ ಹೋಗಬೇಕಾದೀತೆಂದು ಬೆಳಗಿನಿಂದ ಸಂಜೆಯವರೆಗೆ ಬಾಯಾರಿಕೆ ತಡೆದುಕೊಂಡು ಕೂರುವ ಹೆಣ್ಣುಮಕ್ಕಳ ಕಷ್ಟವನ್ನು ಯಾವ ಹಾಜರಿ ಪುಸ್ತಕವೂ ದಾಖಲಿಸುವುದಿಲ್ಲ.

ಹಾಜರಿಯ ಮಾತು ಬಂದದ್ದರಿಂದ ದಾರಿಯ ಮಾತನ್ನೂ ಹೇಳಬೇಕು. ಹಿರಿಯೂರು ಹೆದ್ದಾರಿಯ ಮೇಲಿದೆ. ಚಿತ್ರದುರ್ಗಕ್ಕೆ ಸುಮಾರು 40 ಕಿಲೋಮೀಟರು. ಹೊಸದುರ್ಗದವರ ಪಾಡು ಹಾಗಲ್ಲ. ‘ಹೊಸದುರ್ಗ ರೋಡ್’ ಎಂಬ ರೈಲು ನಿಲ್ದಾಣವೇ ಊರಿನಿಂದ ಬಹುದೂರ. ಸರ್ಕಾರ ಅಂಗವಿಕಲರಿಗೆ ರಿಯಾಯಿತಿ ಬಸ್ ಪಾಸು ಕೊಡುತ್ತದೆ. ಆದರೆ ಪಾಸು ಬಸ್ಸಿನ ಎತ್ತರದ ಮೆಟ್ಟಿಲನ್ನು ತಗ್ಗಿಸದು, ಬಸ್ಸಿನ ಬೋರ್ಡನ್ನು ಮಂದದೃಷ್ಟಿಯವರಿಗೆ ಓದಿ ಹೇಳದು. ಬೆಳಗಿನ ಮೊದಲ ಗಂಟೆಗೆ ಹತ್ತು ನಿಮಿಷ ತಡವಾಗಿ ಬಂದ ಇಂಥ ವಿದ್ಯಾರ್ಥಿಯನ್ನು ಬಾಗಿಲಲ್ಲಿ ನಿಲ್ಲಿಸದೆ ಒಳಗೆ ಕರೆದುಕೊಳ್ಳುವುದೂ ಒಂದು ಅನುಕೂಲವೇ.

ಕೊನೆಗೆ ಪರೀಕ್ಷೆ. ಹೆಚ್ಚುವರಿ ಸಮಯ, ಲಿಪಿಕಾರರ ನೆರವು, ಎರಡನೆಯ ಮತ್ತು ಮೂರನೆಯ ಭಾಷೆಯಿಂದ ವಿನಾಯಿತಿ, ಇವನ್ನು ಕಾಯಿದೆಯೇ ಹೆಸರಿಸಿದೆ. ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದಷ್ಟು ಹೆಚ್ಚಿನ ಸಮಯ ಕೊಡಬೇಕೆಂದು ಕೇಂದ್ರ ಸರ್ಕಾರದ 2013 ಮತ್ತು 2018ರ ಮಾರ್ಗಸೂಚಿಗಳು ಹೇಳಿದವು. ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆಯಾಯಿತು. ಇಲ್ಲಿ ಕೆಲವರು ಹುಬ್ಬೇರಿಸುವುದುಂಟು: “ಒಬ್ಬರಿಗೆ ಮೂರು ಗಂಟೆ, ಇನ್ನೊಬ್ಬರಿಗೆ ನಾಲ್ಕು, ಇದು ಅನ್ಯಾಯವಲ್ಲವೆ?”

ಕನ್ನಡಕ ಹಾಕಿಕೊಂಡು ಪರೀಕ್ಷೆ ಬರೆಯುವ ಹುಡುಗನನ್ನು ಕಂಡು, ಪ್ರಶ್ನೆಪತ್ರಿಕೆಯನ್ನು ಅನ್ಯಾಯವಾಗಿ ನೋಡಿಬಿಟ್ಟನೆಂದು ಯಾರೂ ದೂರುವುದಿಲ್ಲ. ಕನ್ನಡಕ ಉತ್ತರವನ್ನು ಹೇಳಿಕೊಡುವುದಿಲ್ಲ. ಪ್ರಶ್ನೆಯನ್ನು ತೋರಿಸುತ್ತದೆ, ಅಷ್ಟೆ. ಲಿಪಿಕಾರರೂ ಹಾಗೆಯೇ. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯುಳ್ಳ ವಿಕಾಸ್ ಕುಮಾರ್ ಎಂಬ ಅಭ್ಯರ್ಥಿಗೆ ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಯಲ್ಲಿ ಲಿಪಿಕಾರರ ನೆರವು ದೊರೆಯದೆ ಹೋದಾಗ ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2021ರ ಫೆಬ್ರವರಿ 11ರಂದು ನ್ಯಾಯಾಲಯ ಅವರ ಪರವಾಗಿ ತೀರ್ಪಿತ್ತಿತು. ನೂರಕ್ಕೆ 40ರ ಅಳತೆ ಮೀಸಲಾತಿಗೆ ಸಂಬಂಧಿಸಿದ್ದು; ಲಿಪಿಕಾರರಂಥ ಅನುಕೂಲವನ್ನು ಆ ಅಳತೆಗೆ ಕಟ್ಟಿಹಾಕಲಾಗದೆಂಬುದು ಆ ತೀರ್ಪಿನ ಸಾರ. ಮೋಸದ ಭಯವಿದ್ದರೆ ಮೇಲ್ವಿಚಾರಣೆಯನ್ನು ಬಿಗಿ ಮಾಡಬೇಕು. ಇಲಿಗಾಗಿ ಮನೆಯನ್ನೇ ಸುಡಬಾರದು.

ಅನ್ಯಾಯಕ್ಕೆ ಇನ್ನೊಂದು ಮುಖವೂ ಉಂಟು. ಅದು ಅತಿಯಾದ ಕರುಣೆ. “ಪಾಪ, ಪ್ರಯೋಗಾಲಯಕ್ಕೆ ಬರುವುದು ಬೇಡ, ಅಂಕ ಹಾಕೋಣ” ಎನ್ನುವ ಅಧ್ಯಾಪಕರು ವಿದ್ಯಾರ್ಥಿಗೆ ಅಂಕ ಕೊಟ್ಟು ವಿದ್ಯೆಯನ್ನು ಕಿತ್ತುಕೊಂಡರು. ಅನುಕೂಲವೆಂದರೆ ಗುರಿಯನ್ನು ತಗ್ಗಿಸುವುದಲ್ಲ. ಗುರಿಗೆ ಮತ್ತೊಂದು ದಾರಿ ತೋರಿಸುವುದು. ಕನ್ನಡ ನಾಡಿಗೆ ಇದು ಹೊಸ ಮಾತಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ ಅಂಧ ಮಕ್ಕಳಿಗೆ ಸಂಗೀತ ಕಲಿಸಿದ್ದು ಕರುಣೆಯ ಅಂಕ ಕೊಟ್ಟಲ್ಲ, ಕಟ್ಟುನಿಟ್ಟಾದ ಸಾಧನೆ ಮಾಡಿಸಿ. ತಾವೇ ಅಂಧರಾಗಿದ್ದ ಪುಟ್ಟರಾಜರು (1914–2010) ಕನ್ನಡ, ಸಂಸ್ಕೃತ, ಹಿಂದಿ, ಮೂರು ಭಾಷೆಗಳಲ್ಲಿ ಗ್ರಂಥಗಳನ್ನು ರಚಿಸಿದರು.

ದೂರದ ಒಂದು ನಿದರ್ಶನವೂ ಇಲ್ಲಿ ಸಲ್ಲುತ್ತದೆ. ಬಾಲ್ಯದಲ್ಲಿ ಪೋಲಿಯೋ ತಗುಲಿ ಕತ್ತಿನ ಕೆಳಗೆ ಸ್ವಾಧೀನ ತಪ್ಪಿದ್ದ ಎಡ್ ರಾಬರ್ಟ್ಸ್ ಎಂಬ ತರುಣ 1962ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾನಿಲಯಕ್ಕೆ ಸೇರಿದ. ಅವನ ಉಸಿರಾಟಕ್ಕೆ ನೆರವಾಗುವ ಭಾರವಾದ ಯಂತ್ರವನ್ನು ಇಡಲು ವಿದ್ಯಾರ್ಥಿನಿಲಯದಲ್ಲಿ ಅನುಕೂಲವಿರಲಿಲ್ಲ. ವಿಶ್ವವಿದ್ಯಾನಿಲಯದ ಆಸ್ಪತ್ರೆಯ ಕೊಠಡಿಯನ್ನೇ ಅವನ ವಸತಿಯಾಗಿ ಮಾಡಿಕೊಟ್ಟರು. ಅವನು ಉದ್ಯೋಗಕ್ಕೆ ಅನರ್ಹನೆಂದು ಎಣಿಸಿದ್ದ ಕ್ಯಾಲಿಫೋರ್ನಿಯದ ಪುನರ್ವಸತಿ ಇಲಾಖೆಗೆ 1975ರಲ್ಲಿ ಅವನೇ ಮುಖ್ಯಸ್ಥನಾದ. ಒಂದು ಕೊಠಡಿಯ ಏರ್ಪಾಡು ಎಲ್ಲಿಯವರೆಗೆ ಮುಟ್ಟಿತು!

ಹೊಣೆ ಕಾಲೇಜಿನದು ಮಾತ್ರವಲ್ಲ, ಮನೆಯದೂ ಹೌದು. ಕಣ್ಣಿಗೆ ಕಾಣದ ವೈಕಲ್ಯಗಳನ್ನು ಸುಸಂಸ್ಕೃತ ಮನೆಗಳೇ ಮುಚ್ಚಿಡುತ್ತವೆ. ಅಕ್ಷರಗಳು ಅದಲುಬದಲಾಗಿ ಕಾಣುವ ಕಲಿಕೆಯ ನ್ಯೂನತೆ, ಮನಸ್ಸಿನ ಕಾಯಿಲೆ, ರಕ್ತಸ್ರಾವ ನಿಲ್ಲದ ಹಿಮೋಫಿಲಿಯ ಇವೂ ಆ 21 ಬಗೆಗಳಲ್ಲಿ ಸೇರಿವೆ. “ಸರ್ಟಿಫಿಕೇಟ್ ಮಾಡಿಸಿದರೆ ನಾಲ್ಕು ಜನಕ್ಕೆ ತಿಳಿಯುತ್ತದೆ, ಅವಳ ತಂಗಿಯ ಮದುವೆಗೆ ಅಡ್ಡಿಯಾಗುತ್ತದೆ” ಎಂಬ ಅಂಜಿಕೆಯಲ್ಲಿ ಮೂರು ವರ್ಷ ಕಳೆದುಹೋಗುತ್ತದೆ. ಮಗು ದಡ್ಡನೆಂಬ ಹೆಸರು ಹೊತ್ತು ಹೊರಬರುತ್ತದೆ. ತಿಳಿಯಬೇಕಾದ್ದು ಪ್ರಾಂಶುಪಾಲರಿಗೂ ಪಾಠ ಹೇಳುವವರಿಗೂ ಮಾತ್ರ. ಅದನ್ನು ತರಗತಿಯಲ್ಲಿ ಸಾರುವ ಹಕ್ಕು ಯಾರಿಗೂ ಇಲ್ಲ.

ಹೀಗಿರುವಲ್ಲಿ ಮನೆಯವರು ಮಾಡತಕ್ಕದ್ದೇನು? ಅಂಗವೈಕಲ್ಯದ ಗುರುತಿನ ಚೀಟಿಯನ್ನು ಕಾಲೇಜು ತೆರೆಯುವ ಮುಂಚೆಯೇ ಮಾಡಿಸಿಡಬೇಕು. ಗ್ರಾಮ ಪಂಚಾಯತಿಯ ಪುನರ್ವಸತಿ ಕಾರ್ಯಕರ್ತರೂ ಜಿಲ್ಲೆಯ ಅಂಗವಿಕಲರ ಕಲ್ಯಾಣಾಧಿಕಾರಿಗಳ ಕಚೇರಿಯವರೂ ದಾರಿ ಹೇಳುತ್ತಾರೆ. ದೃಷ್ಟಿಹೀನ ವಿದ್ಯಾರ್ಥಿಗಳಿಗೆ ಮಾತನಾಡುವ ಲ್ಯಾಪ್‌ಟಾಪ್ ಕೊಡುವ ರಾಜ್ಯ ಸರ್ಕಾರದ ಯೋಜನೆಯನ್ನು ಅಲ್ಲಿಯೇ ವಿಚಾರಿಸಬಹುದು. ಬೇಕಾದ ಅನುಕೂಲಗಳನ್ನು ‘ದಯಮಾಡಿ ಏನಾದರೂ ಸಹಾಯ ಮಾಡಿ’ ಎಂದು ಬರೆಯದೆ, ಒಂದು, ಎರಡು, ಮೂರು ಎಂದು ವಿದ್ಯಾರ್ಥಿಯ ಕೈಯಿಂದಲೇ ಪಟ್ಟಿ ಮಾಡಿಸಿ, ಅರ್ಜಿ ಕೊಟ್ಟು, ಸ್ವೀಕೃತಿಯ ರುಜು ಪಡೆಯಬೇಕು. ಪರೀಕ್ಷೆಯ ಏರ್ಪಾಡನ್ನು ಪರೀಕ್ಷೆಯ ಹಿಂದಿನ ವಾರ ಕೇಳದೆ, ಶುಲ್ಕ ಕಟ್ಟುವಾಗಲೇ ಕೇಳಬೇಕು. ಕಾಲೇಜಿನಲ್ಲಿ ನಡೆಯದಿದ್ದರೆ ಜಿಲ್ಲೆಯ ಪದವಿ ಕಾಲೇಜುಗಳಿಗೆ ದಾವಣಗೆರೆ ವಿಶ್ವವಿದ್ಯಾನಿಲಯವಿದೆ. ಅದಕ್ಕೂ ಮೇಲೆ ಬೆಂಗಳೂರಿನಲ್ಲಿ ಅಂಗವಿಕಲರ ಹಕ್ಕುಗಳಿಗಾಗಿಯೇ ನೇಮಕವಾದ ರಾಜ್ಯ ಆಯುಕ್ತರಿದ್ದಾರೆ.

ಹೊಳಲ್ಕೆರೆಯ ಆ ತಂದೆ-ಮಗಳು ಮುಂದಿನ ಸೋಮವಾರ ಮತ್ತೆ ದುರ್ಗದ ಬಸ್ಸು ಹತ್ತುತ್ತಾರೆಂದು ವಾಚಕರು ಊಹಿಸಿಕೊಂಡರೆ ತಪ್ಪಿಲ್ಲ. ಈ ಸಲ ಮಗಳ ಕೈಯಲ್ಲಿ ಅವಳೇ ದಪ್ಪಕ್ಷರದಲ್ಲಿ ಬರೆದ ಐದು ಸಾಲಿನ ಪಟ್ಟಿಯಿದೆ. ಮೊದಲ ಬೆಂಚು, ಬರೆದದ್ದನ್ನು ಬಾಯಲ್ಲಿ ಹೇಳುವುದು, ಯೂನಿಕೋಡಿನಲ್ಲಿ ಟಿಪ್ಪಣಿ, ಧ್ವನಿಮುದ್ರಣಕ್ಕೆ ಅನುಮತಿ, ಪರೀಕ್ಷೆಗೆ ಲಿಪಿಕಾರರು ಮತ್ತು ಹೆಚ್ಚಿನ ಸಮಯ. ಪ್ರಾಂಶುಪಾಲರು ಅದನ್ನು ಎರಡು ಸಲ ಓದುತ್ತಾರೆ.

“ಇಷ್ಟೇ ಏನಮ್ಮಾ?” ಎಂದು ಕೇಳುತ್ತಾರೆ.

“ಇಷ್ಟೇ ಸಾರ್. ಉಳಿದದ್ದು ನಾನು ಓದುತ್ತೇನೆ.”